ಪೆಟ್ಟಿಗೆ ಒಂದು, ಕಿಂಡಿ ಹಲವು

ಬೆಳಗಾವಿಗೂ ಖಾನಾಪುರಕ್ಕೂ ನಡುವೆ ಸುಮಾರು ೨೬ ಕಿಲೋಮೀಟರು ದಾರಿ. ಬೆಳಗಿನ ಹೊತ್ತು ಖಾನಾಪುರದ ಕಡೆಯಿಂದ ಬೆಳಗಾವಿಗೆ ಬರುವ ಬಸ್ಸುಗಳಲ್ಲಿಯೂ ರೈಲುಗಾಡಿಗಳಲ್ಲಿಯೂ ಕಾಲೇಜಿನ ವಿದ್ಯಾರ್ಥಿಗಳುಂಟು, ಕಚೇರಿಯ ನೌಕರರುಂಟು, ಉದ್ಯಮಬಾಗದ ಕಾರಖಾನೆಗಳಿಗೆ ಹೋಗುವವರುಂಟು. ಸಂಜೆಗೆ ಇವರೆಲ್ಲ ಊರಿಗೆ ಮರಳುತ್ತಾರೆ. ಆದರೆ ಅವರ ಕೆಲಸದ ಕಾಗದಪತ್ರಗಳು ಎಲ್ಲಿ ಉಳಿಯುತ್ತವೆ? ಹಿಂದೆ ಈ ಪ್ರಶ್ನೆ ಏಳುತ್ತಿರಲಿಲ್ಲ. ಕಚೇರಿಯ ಟಪಾಲು ಕಚೇರಿಗೇ ಬರುತ್ತಿತ್ತು. ಆವಕ ಪುಸ್ತಕದಲ್ಲಿ ನಮೂದಾಗಿ ಕಪಾಟನ್ನು ಸೇರುತ್ತಿತ್ತು. ಇಂದು ಕಚೇರಿಯ ಟಪಾಲು ಬಹುಮಟ್ಟಿಗೆ ಇ-ಮೇಲಿನ ರೂಪದಲ್ಲಿ ಬರುತ್ತದೆ. ಅದನ್ನು ಕಚೇರಿಯ ಗಣಕಯಂತ್ರದಲ್ಲಿ ಓದಬಹುದು, ಗಾಡಿಯಲ್ಲಿ ಕುಳಿತು ಮೊಬೈಲಿನಲ್ಲಿ ಓದಬಹುದು, ಮನೆಯ ಲ್ಯಾಪ್‌ಟಾಪಿನಲ್ಲಿಯೂ ಓದಬಹುದು. ಅನುಕೂಲವೇನೋ ದೊಡ್ಡದು. ಆದರೆ ಈ ಮೂರು ಉಪಕರಣಗಳಲ್ಲಿ ಕಾಣುವುದು ಒಂದೇ ಟಪಾಲೇ?

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಉದ್ಯಮಬಾಗದ ಒಂದು ಫೌಂಡ್ರಿಯ ಕಾರಕೂನರು ಖಾನಾಪುರದವರು. ಒಂದು ದಿನ ಬೆಳಿಗ್ಗೆ, ಅವರು ಇನ್ನೂ ಬಸ್ಸಿನಲ್ಲಿರುವಾಗಲೇ, ಪುಣೆಯ ಗಿರಾಕಿಯಿಂದ ಪಂಪಿನ ಕವಚದ ಡ್ರಾಯಿಂಗ್ ಮೊಬೈಲಿಗೆ ಬಂದಿತು. ಅದರಲ್ಲಿ ಗೋಡೆಯ ದಪ್ಪ ೮ ಮಿಲಿಮೀಟರು. ಮಧ್ಯಾಹ್ನ ಅದೇ ಗಿರಾಕಿ ೧೦ ಮಿಲಿಮೀಟರೆಂದು ತಿದ್ದಿದ ಡ್ರಾಯಿಂಗನ್ನು ಕಳುಹಿಸಿದ. ಆಗ ಕಾರಕೂನರು ಅಚ್ಚುಗಳ ವಿಭಾಗದಲ್ಲಿದ್ದರು. ಕಚೇರಿಯ ಯಂತ್ರ ಆ ಪತ್ರವನ್ನು ತನ್ನೊಳಗೆ ಎಳೆದುಕೊಂಡಿತು. ಸಂಜೆ ಮನೆಯಿಂದ ಅವರು ಮೊಬೈಲನ್ನು ತೆರೆದು ನೋಡಿದರೆ ಇದ್ದದ್ದು ಬೆಳಗಿನ ಡ್ರಾಯಿಂಗ್ ಮಾತ್ರ. ಅದನ್ನೇ ನಂಬಿ ರಾತ್ರಿ ಪಾಳಿಗೆ ಅಳತೆ ಹೇಳಿದರು. ಕರಗಿದ ಕಬ್ಬಿಣ ಹಳೆಯ ಅಳತೆಯ ಅಚ್ಚಿಗೆ ಇಳಿಯಿತು. ಇಲ್ಲಿ ತಪ್ಪು ಕಾರಕೂನರದಲ್ಲ, ಗಿರಾಕಿಯದೂ ಅಲ್ಲ. ಇ-ಮೇಲಿನ ತಂತ್ರಾಂಶವನ್ನು ಮೊದಲ ದಿನ ಅಣಿಗೊಳಿಸುವಾಗ ಆರಿಸಿದ ಒಂದು ಪದ್ಧತಿಯದು. ಆ ಪದ್ಧತಿ ಯಾವುದು, ಅದರ ಬದಲು ಯಾವುದಿರಬೇಕು ಎಂಬುದನ್ನು ತಿಳಿಯಲು ಇ-ಮೇಲಿನ ಪ್ರಯಾಣವನ್ನು ಮೊದಲು ಅರಿಯಬೇಕು.

ಕಾಗದದ ಪ್ರಯಾಣ

೧೯೬೫ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಒಂದೇ ದೊಡ್ಡ ಗಣಕಯಂತ್ರವನ್ನು ಅನೇಕರು ಹಂಚಿಕೊಂಡು ಬಳಸುತ್ತಿದ್ದರು. ಒಬ್ಬರಿಗಾಗಿ ಇನ್ನೊಬ್ಬರು ಅದರಲ್ಲಿಯೇ ಸಂದೇಶ ಬರೆದಿಡುವ ಏರ್ಪಾಡು ಆಗ ಹುಟ್ಟಿತು. ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಜಾಲದ ಮೂಲಕ ಸಂದೇಶ ಕಳುಹಿಸಿದವರು ರೇ ಟಾಮ್ಲಿನ್‌ಸನ್, ೧೯೭೧ರಲ್ಲಿ. ವಿಳಾಸದಲ್ಲಿ ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ‘ಆಟ್’ ಎಂಬ ಸುರುಳಿ ಚಿಹ್ನೆಯನ್ನು ಆರಿಸಿದವರೂ ಅವರೇ.

ಇಂದಿಗೂ ವಿಳಾಸದ ರಚನೆ ಅದೇ. ಆಟ್ ಚಿಹ್ನೆಯ ಎಡಕ್ಕಿರುವುದು ವ್ಯಕ್ತಿ, ಬಲಕ್ಕಿರುವುದು ಸಂಸ್ಥೆ. ನಮ್ಮ ಟಪಾಲಿನಲ್ಲಿ ೫೯೧೩೦೨ ಎಂಬ ಪಿನ್‌ಕೋಡು ಕಾಗದವನ್ನು ಖಾನಾಪುರಕ್ಕೆ ತಲುಪಿಸುವಂತೆ, ಆ ಬಲಭಾಗದ ಹೆಸರು ಪತ್ರವನ್ನು ಸಂಸ್ಥೆಯ ಟಪಾಲು ಯಂತ್ರಕ್ಕೆ, ಎಂದರೆ ಮೇಲ್ ಸರ್ವರಿಗೆ, ತಲುಪಿಸುತ್ತದೆ. ದಾರಿಯಲ್ಲಿ ಪತ್ರವು ಒಂದು ಸರ್ವರಿನಿಂದ ಇನ್ನೊಂದಕ್ಕೆ ದಾಟುವುದುಂಟು. ಗೋವೆಗೆ ಹೋಗುವವರು ಲೋಂಡಾ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಂತೆಯೇ ಇದು. ಮುಂದಿನ ಯಂತ್ರ ಸಿಗದಿದ್ದರೆ ಪತ್ರವನ್ನು ಕಾದಿರಿಸಿ ಮತ್ತೆ ಪ್ರಯತ್ನಿಸಲಾಗುತ್ತದೆ. ಈ ಸಾಗಣೆಯ ನಿಯಮಾವಳಿಗೆ ಎಸ್‌.ಎಂ.ಟಿ.ಪಿ. ಎಂದು ಹೆಸರು, ಇದನ್ನು ೧೯೮೨ರಲ್ಲಿ ಜಾನ್ ಪಾಸ್ಟೆಲ್ ರೂಪಿಸಿದರು.

ಆದರೆ ಎಸ್‌.ಎಂ.ಟಿ.ಪಿ.ಯ ಕೆಲಸ ಸರ್ವರಿನ ಪೆಟ್ಟಿಗೆಯವರೆಗೆ ಮಾತ್ರ. ಪೆಟ್ಟಿಗೆಯಿಂದ ನಮ್ಮ ಕಣ್ಣಿನವರೆಗಿನ ದಾರಿ ಬೇರೆ. ಈ ಕೊನೆಯ ಮೆಟ್ಟಿಲಿಗೆ ಮುಖ್ಯವಾಗಿ ಎರಡು ಪದ್ಧತಿಗಳುಂಟು. ಫೌಂಡ್ರಿಯ ಕಥೆಯ ಗುಟ್ಟು ಇಲ್ಲಿಯೇ ಇದೆ.

ಹೊತ್ತೊಯ್ಯುವ ಪದ್ಧತಿ

ಮೊದಲನೆಯದು ಪಾಪ್. ಈ ಹೆಸರು ‘ಪೋಸ್ಟ್ ಆಫೀಸ್ ಪ್ರೊಟೊಕಾಲ್’ ಎಂಬುದರ ಸಂಕ್ಷೇಪ. ಇದು ೧೯೮೪ರಲ್ಲಿ ಹುಟ್ಟಿತು. ಈಗ ಬಳಕೆಯಲ್ಲಿರುವ ಮೂರನೆಯ ರೂಪ ೧೯೮೮ರದು. ಟಪಾಲು ಕಚೇರಿಯಲ್ಲಿ ನಮ್ಮದೊಂದು ಪೆಟ್ಟಿಗೆಯಿದೆ. ಹೋಗಿ ಬೀಗ ತೆಗೆದು, ಇದ್ದ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ತರುತ್ತೇವೆ. ಪೆಟ್ಟಿಗೆ ಬರಿದಾಗುತ್ತದೆ. ಪಾಪ್ ಪದ್ಧತಿಯ ಸಾಮಾನ್ಯ ಕ್ರಮ ಇದೇ. ಸರ್ವರುಗಳಲ್ಲಿ ಸ್ಥಳ ಕಡಿಮೆಯಿದ್ದು, ಒಬ್ಬರಿಗೆ ಒಂದೇ ಯಂತ್ರವಿದ್ದ ಕಾಲಕ್ಕೆ ಇದು ಅತ್ಯುತ್ತಮವಾದ ಏರ್ಪಾಡು. ಟೆಲಿಫೋನಿನ ತಂತಿಯ ಮೂಲಕ ಕೆಲವು ನಿಮಿಷ ಸಂಪರ್ಕ ಪಡೆದು, ಪತ್ರಗಳನ್ನು ಎಳೆದುಕೊಂಡು, ಸಂಪರ್ಕ ಕಡಿದು ನಿಧಾನವಾಗಿ ಓದಬಹುದಾಗಿತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಅಂದಿನ ನಿಮಿಷ ಲೆಕ್ಕದ ಸಂಪರ್ಕಕ್ಕೆ ಪಾಪ್ ಚೆನ್ನಾಗಿ ಒಗ್ಗಿತ್ತು.

ತೊಂದರೆ ಹುಟ್ಟುವುದು ಒಬ್ಬರಿಗೆ ಎರಡು ಯಂತ್ರಗಳಾದಾಗ. ಮಧ್ಯಾಹ್ನದ ಡ್ರಾಯಿಂಗನ್ನು ಕಚೇರಿಯ ಯಂತ್ರ ಹೊತ್ತೊಯ್ದು ಪೆಟ್ಟಿಗೆಯನ್ನು ಬರಿದುಮಾಡಿತು. ಆಮೇಲೆ ಬಂದ ಮೊಬೈಲಿಗೆ ಏನು ಸಿಗಬೇಕು? ‘ಸರ್ವರಿನಲ್ಲಿ ಒಂದು ಪ್ರತಿಯನ್ನು ಉಳಿಸು’ ಎಂದು ಪಾಪಿಗೆ ಹೇಳಬಹುದು ನಿಜ. ಆದರೂ ಯಾವುದನ್ನು ಓದಿದ್ದೇವೆ, ಯಾವುದಕ್ಕೆ ಉತ್ತರ ಬರೆದಿದ್ದೇವೆ ಎಂಬ ಗುರುತುಗಳನ್ನು ಅದು ಸರ್ವರಿಗೆ ತಿಳಿಸುವುದಿಲ್ಲ. ಕಚೇರಿಯಿಂದ ಕಳುಹಿಸಿದ ಉತ್ತರದ ಪ್ರತಿ ಕಚೇರಿಯ ಯಂತ್ರದಲ್ಲಿಯೇ ಉಳಿಯುತ್ತದೆ. ಆ ಯಂತ್ರ ಕೆಟ್ಟರೆ ಅದರೊಳಗಿನ ಟಪಾಲೂ ಹೋಯಿತು.

ಅಲ್ಲಿಯೇ ಇಟ್ಟು ಓದುವ ಪದ್ಧತಿ

ಎರಡನೆಯದು ಐಮ್ಯಾಪ್. ಇದನ್ನು ೧೯೮೬ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು ರೂಪಿಸಿದರು. ಇದರ ತತ್ತ್ವ ಸರಳ: ಪತ್ರದ ನೆಲೆ ಸರ್ವರು, ಉಪಕರಣಗಳು ಅದನ್ನು ನೋಡುವ ಕಿಂಡಿಗಳು. ಗ್ರಂಥಾಲಯದ ಪುಸ್ತಕವನ್ನು ಅಲ್ಲಿಯೇ ಕುಳಿತು ಓದಿ, ಬೇಕಾದ ಪುಟಕ್ಕೆ ಗುರುತಿಟ್ಟು ಎದ್ದುಬಂದರೆ, ಮತ್ತೊಂದು ಬಾಗಿಲಿನಿಂದ ಹೋದಾಗಲೂ ಪುಸ್ತಕ ಅದೇ, ಗುರುತೂ ಅದೇ. ಮೊಬೈಲಿನಲ್ಲಿ ಓದಿದ ಪತ್ರ ಕಚೇರಿಯಲ್ಲಿಯೂ ‘ಓದಿದ್ದು’ ಎಂದೇ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದು ಕಡತಕ್ಕೆ ಸೇರಿಸಿದ ಪತ್ರ ಎಲ್ಲೆಡೆಯೂ ಆ ಕಡತದಲ್ಲಿಯೇ ಇರುತ್ತದೆ.

ಇದು ಸಾಧ್ಯವಾಗುವುದು ಹೇಗೆ? ಪ್ರತಿ ಪತ್ರಕ್ಕೂ ಸರ್ವರು ಒಂದು ಏರುಕ್ರಮದ ಸಂಖ್ಯೆ ಕೊಡುತ್ತದೆ. ಕಚೇರಿಯ ಆವಕ ಪುಸ್ತಕದ ಸಂಖ್ಯೆಯಂತೆ ಅದನ್ನು ಆ ಕಡತದಲ್ಲಿ ಬೇರೊಂದು ಪತ್ರಕ್ಕೆ ಕೊಡುವುದಿಲ್ಲ. ಉಪಕರಣವು ತಾನು ಕಂಡ ಕೊನೆಯ ಸಂಖ್ಯೆಯನ್ನು ನೆನಪಿಟ್ಟುಕೊಂಡು, ‘ಅದರ ಮುಂದಿನವು ಯಾವುವು? ಹಳೆಯವುಗಳ ಗುರುತಿನಲ್ಲಿ ಬದಲಾವಣೆಯೇನು?’ ಎಂದು ಕೇಳುತ್ತದೆ. ಇಡೀ ಪೆಟ್ಟಿಗೆಯನ್ನು ಪ್ರತಿಸಲ ಹೊತ್ತು ತರುವ ಅಗತ್ಯವೇ ಇಲ್ಲ.

ಬ್ರೌಸರಿನಲ್ಲಿ ಓದುವ ವೆಬ್ ಮೇಲಿನ ತತ್ತ್ವವೂ ಇದೇ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡನೆ ೧೯೯೬ರ ಜುಲೈ ೪ರಂದು ಹಾಟ್‌ಮೇಲ್ ತೆರೆದಾಗ ಯಾವ ಯಂತ್ರದಿಂದ ಬೇಕಾದರೂ ತನ್ನ ಪೆಟ್ಟಿಗೆಯನ್ನು ನೋಡಬಹುದೆಂಬುದು ಜನಸಾಮಾನ್ಯರಿಗೂ ಅನುಭವಕ್ಕೆ ಬಂದಿತು.

ಘಟ್ಟದ ಮಳೆಯೂ ಕಡಿದ ಸಂಪರ್ಕವೂ

ಪತ್ರ ದೂರದ ಸರ್ವರಿನಲ್ಲಿದ್ದರೆ, ಸಂಪರ್ಕ ಕಡಿದಾಗ ಗತಿಯೇನು? ಖಾನಾಪುರ ತಾಲೂಕಿನವರಿಗೆ ಇದು ದಿನಬಳಕೆಯ ಪ್ರಶ್ನೆ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ, ಜಾಂಬೋಟಿಯ ಕಾಡು, ೨೦೧೧ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡ ಇವೆಲ್ಲ ಪಶ್ಚಿಮಘಟ್ಟದ ಮಳೆಯ ಸೀಮೆ. ಬೆಟ್ಟ ಅಡ್ಡ ಬಂದರೆ ಮೊಬೈಲಿನ ಅಲೆಗಳು ತಲುಪುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ಹೋಗುವುದೂ ಉಂಟು.

ಇದಕ್ಕೂ ಉಪಾಯವುಂಟು. ಇ-ಮೇಲ್ ತಂತ್ರಾಂಶವು ಪತ್ರಗಳ ಪ್ರತಿಗಳನ್ನು ಉಪಕರಣದಲ್ಲಿಯೂ ಇಟ್ಟುಕೊಳ್ಳಬಲ್ಲದು. ಸಂಪರ್ಕವಿಲ್ಲದಾಗ ಅವುಗಳನ್ನು ಓದಬಹುದು, ಉತ್ತರವನ್ನೂ ಬರೆಯಬಹುದು. ಸಂಪರ್ಕ ಮರಳಿದೊಡನೆ ಎರಡೂ ಕಡೆಯ ಬದಲಾವಣೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಒಂದು ಮಾತನ್ನು ಮಾತ್ರ ಮರೆಯಬಾರದು: ಕಳುಹಿಸಲೆಂದು ಬರೆದ ಪತ್ರವು ಸಂಪರ್ಕ ಸಿಗುವವರೆಗೆ ‘ಔಟ್‌ಬಾಕ್ಸ್’ ಎಂಬ ಜಾಗದಲ್ಲಿ, ಆ ಒಂದು ಉಪಕರಣದಲ್ಲಿಯೇ ಕಾದಿರುತ್ತದೆ. ಅದು ‘ಕಳುಹಿಸಿದವು’ ಎಂಬ ಕಡತಕ್ಕೆ ಹೋಗಿರುವುದನ್ನು ನೋಡಿದ ಮೇಲೆಯೇ ನಿಶ್ಚಿಂತರಾಗಬೇಕು.

ಲಗತ್ತುಗಳ ವಿಷಯದಲ್ಲಿಯೂ ಐಮ್ಯಾಪ್ ಉಪಕಾರಿ. ಇ-ಮೇಲಿನಲ್ಲಿ ಸಾಗುವ ಚಿತ್ರ ಅಥವಾ ಡ್ರಾಯಿಂಗನ್ನು ಸಾಮಾನ್ಯವಾಗಿ ಅಕ್ಷರಗಳ ರೂಪಕ್ಕೆ ತಿರುಗಿಸಲಾಗುತ್ತದೆ. ಪ್ರತಿ ೩ ಬೈಟುಗಳಿಗೆ ೪ ಅಕ್ಷರಗಳು. ಆದುದರಿಂದ ೧೫ ಮೆಗಾಬೈಟಿನ ಡ್ರಾಯಿಂಗ್ ದಾರಿಯಲ್ಲಿ ೨೦ ಮೆಗಾಬೈಟು ಮೀರುತ್ತದೆ. ಕ್ಷೀಣ ಸಂಪರ್ಕದಲ್ಲಿ ಇದು ದೊಡ್ಡ ಹೊರೆ. ಐಮ್ಯಾಪ್ ಮೊದಲು ಕಳುಹಿಸಿದವರ ಹೆಸರನ್ನೂ ವಿಷಯವನ್ನೂ ಮಾತ್ರ ತಂದು, ಲಗತ್ತನ್ನು ನಾವು ಕೇಳಿದಾಗ ತರಬಲ್ಲದು.

ಉಪಕರಣವನ್ನು ಅಣಿಗೊಳಿಸುವುದು

ಥಂಡರ್‌ಬರ್ಡ್ ಇರಲಿ, ಔಟ್‌ಲುಕ್ ಇರಲಿ, ಮೊಬೈಲಿನ ಮೇಲ್ ಆ್ಯಪ್ ಇರಲಿ, ಅಣಿಗೊಳಿಸುವಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಹಳ ಸಲ ವಿಳಾಸವೊಂದನ್ನು ಕೊಟ್ಟರೆ ಉಳಿದುದನ್ನು ತಂತ್ರಾಂಶವೇ ಕಂಡುಕೊಳ್ಳುತ್ತದೆ. ಕಂಡುಕೊಳ್ಳದಿದ್ದರೆ ನಾವೇ ತುಂಬಬೇಕು.

ಬರುವ ಟಪಾಲಿಗೆ ಐಮ್ಯಾಪ್ ಸರ್ವರಿನ ಹೆಸರು ಬೇಕು. ಅದರ ಪೋರ್ಟ್, ಎಂದರೆ ದ್ವಾರದ ಸಂಖ್ಯೆ, ೯೯೩. ಹೋಗುವ ಟಪಾಲಿಗೆ ಎಸ್‌.ಎಂ.ಟಿ.ಪಿ. ಸರ್ವರಿನ ಹೆಸರು ಬೇಕು. ಅದರ ದ್ವಾರ ೪೬೫ ಅಥವಾ ೫೮೭. ಎರಡಕ್ಕೂ ಗೂಢಲಿಪಿಯ ರಕ್ಷಣೆ ಇರಲೇಬೇಕು. ಸರ್ವರುಗಳ ಹೆಸರನ್ನು ಊಹಿಸದೆ ಸಂಸ್ಥೆಯ ಗಣಕ ವಿಭಾಗದಿಂದಲೇ ಕೇಳಿ ಪಡೆಯಬೇಕು. ಪತ್ರಗಳು ಬರುತ್ತವೆ, ಆದರೆ ಹೋಗುವುದಿಲ್ಲ ಎಂದು ಅನೇಕರು ಬೆರಗಾಗುವುದುಂಟು. ಬರುವ ದಾರಿಯೂ ಹೋಗುವ ದಾರಿಯೂ ಬೇರೆ ಬೇರೆ ಎಂದು ತಿಳಿದವರು ಹೋಗುವ ಸರ್ವರಿನ ಸಂಗತಿಗಳನ್ನು ಮಾತ್ರ ಪರಿಶೀಲಿಸಿದರೆ ಸಾಕು.

ಅಣಿಯಾದ ಮೇಲೆ ಒಂದು ಪರೀಕ್ಷೆ ಮಾಡಬೇಕು. ಮೊಬೈಲಿನಿಂದ ತನಗೇ ಒಂದು ಪತ್ರ ಕಳುಹಿಸಿಕೊಳ್ಳಿ. ಅದು ಲ್ಯಾಪ್‌ಟಾಪಿನಲ್ಲಿ ಬಂದಿತೆ? ಲ್ಯಾಪ್‌ಟಾಪಿನ ‘ಕಳುಹಿಸಿದವು’ ಕಡತದಲ್ಲಿಯೂ ಕಾಣುತ್ತದೆಯೆ? ಒಂದು ಕಡೆ ಓದಿದರೆ ಇನ್ನೊಂದು ಕಡೆ ಗುರುತು ಬದಲಾಯಿತೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಪೆಟ್ಟಿಗೆ ಒಂದೇ ಆಗಿದೆ ಎಂದರ್ಥ.

ಪಾಪ್ ಪದ್ಧತಿಯಲ್ಲಿದ್ದವರು ಐಮ್ಯಾಪಿಗೆ ಬರುವಾಗ ಹಳೆಯ ಖಾತೆಯನ್ನು ಆತುರದಿಂದ ಅಳಿಸಬಾರದು. ಹಳೆಯ ಪತ್ರಗಳು ಆ ಒಂದು ಯಂತ್ರದಲ್ಲಿ ಮಾತ್ರ ಇರಬಹುದು. ಹೊಸ ಖಾತೆಯನ್ನು ಪಕ್ಕದಲ್ಲಿ ತೆರೆದು, ಪತ್ರಗಳನ್ನು ಅದರ ಕಡತಗಳಿಗೆ ನಕಲು ಮಾಡಿ, ಅವು ಸರ್ವರನ್ನು ಮುಟ್ಟಿದುದನ್ನು ಮತ್ತೊಂದು ಉಪಕರಣದಲ್ಲಿ ನೋಡಿದ ಮೇಲೆ ಹಳೆಯದನ್ನು ತೆಗೆಯಬಹುದು.

ಬೀಗವೂ ಬೀಗದ ಕೈಯೂ

ಕಿಂಡಿಗಳು ಹಲವಾದರೆ ಕಳ್ಳನಿಗೂ ದಾರಿಗಳು ಹಲವು. ಮೊದಮೊದಲು ಪಾಸ್‌ವರ್ಡು ಜಾಲದ ಮೇಲೆ ತೆರೆದ ಕಾರ್ಡಿನಂತೆ ಸಾಗುತ್ತಿತ್ತು. ಗೂಢಲಿಪಿ ಬಂದ ಮೇಲೆ ದಾರಿ ಭದ್ರವಾಯಿತು. ಆದರೂ ಪ್ರತಿ ತಂತ್ರಾಂಶದಲ್ಲಿಯೂ ಪಾಸ್‌ವರ್ಡನ್ನು ಕೂಡಿಡಬೇಕಾಗಿತ್ತು. ಈಗ ಅನೇಕ ಸಂಸ್ಥೆಗಳು ಬೇರೊಂದು ಕ್ರಮವನ್ನು ಅನುಸರಿಸುತ್ತವೆ. ತಂತ್ರಾಂಶವು ಸಂಸ್ಥೆಯ ಪ್ರವೇಶಪುಟವನ್ನೇ ತೆರೆಯುತ್ತದೆ. ಪಾಸ್‌ವರ್ಡನ್ನು ಅಲ್ಲಿ ಕೊಡುತ್ತೇವೆ. ತಂತ್ರಾಂಶಕ್ಕೆ ದೊರೆಯುವುದು ಒಂದು ಪರವಾನಗಿ ಚೀಟಿ ಮಾತ್ರ. ಮೊಬೈಲು ಕಳೆದರೆ ಅದರ ಚೀಟಿಯನ್ನು ರದ್ದುಮಾಡಬಹುದು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಯಲ್ಲಿ ಬರಿಯ ಪಾಸ್‌ವರ್ಡಿನ ಹಳೆಯ ಕ್ರಮವನ್ನು ೨೦೨೨ರ ಅಕ್ಟೋಬರಿನಿಂದ ನಿಲ್ಲಿಸತೊಡಗಿತು. ಬಹಳ ಹಳೆಯ ಮೇಲ್ ತಂತ್ರಾಂಶಗಳು ಪಾಸ್‌ವರ್ಡು ಸರಿಯಿದ್ದರೂ ಒಳಗೆ ಬಿಡದಿರುವುದಕ್ಕೆ ಇಂತಹ ಬದಲಾವಣೆಯೇ ಕಾರಣವಾಗಿರಬಹುದು.

ಎರಡನೆಯ ಬೀಗವಾಗಿ ಆರು ಅಂಕಿಗಳ ಸಂಖ್ಯೆಯೊಂದನ್ನೂ ಕೇಳುವುದುಂಟು. ಅದು ಎಸ್‌.ಎಂ.ಎಸ್. ಆಗಿ ಬರುವುದಾದರೆ ಅಲೆಗಳು ಸಿಗದ ಹಳ್ಳಿಯಲ್ಲಿ, ಮನೆಗೆ ತಂತಿಯ ಇಂಟರ್ನೆಟ್ ಇದ್ದರೂ, ಒಳಗೆ ಹೋಗುವಂತಿಲ್ಲ. ಅಂಥವರಿಗೆ ಅಥೆಂಟಿಕೇಟರ್ ಆ್ಯಪ್ ಮೇಲು. ಮೊದಲ ದಿನ ಸರ್ವರೂ ಮೊಬೈಲೂ ಒಂದು ರಹಸ್ಯ ಸಂಖ್ಯೆಯನ್ನು ಹಂಚಿಕೊಂಡಿರುತ್ತವೆ. ಆ ಬಳಿಕ ಆ ರಹಸ್ಯವನ್ನೂ ಗಡಿಯಾರದ ಸಮಯವನ್ನೂ ಸೇರಿಸಿ, ೩೦ ಸೆಕೆಂಡುಗಳಿಗೊಮ್ಮೆ ಎರಡೂ ಬೇರೆ ಬೇರೆಯಾಗಿ ಒಂದೇ ಲೆಕ್ಕ ಮಾಡುತ್ತವೆ. ಉತ್ತರ ಒಂದೇ ಬರುತ್ತದೆ; ಅಲೆಗಳ ಅಗತ್ಯವೇ ಇಲ್ಲ. ಗಡಿಯಾರ ಮಾತ್ರ ಸರಿಯಿರಬೇಕು.

ಕನ್ನಡ ಅಕ್ಷರಗಳ ಮಾತು

ಪೆಟ್ಟಿಗೆ ಒಂದಾದರೂ ಅಕ್ಷರಗಳು ಎಲ್ಲ ಕಿಂಡಿಗಳಲ್ಲಿ ಒಂದೇ ಆಗಿ ಕಾಣದಿರುವುದುಂಟು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ, ಇಂಗ್ಲಿಷ್ ಅಕ್ಷರಗಳು ಮೊದಲಾದವುಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಲಾಗಿತ್ತು. ಆ ಫಾಂಟಿನಲ್ಲಿ ಬರೆದುದು ಆ ಫಾಂಟಿಲ್ಲದ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ೧೯೯೧ರ ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳು ದೊರೆತವು. ೧೯೯೨ರ ಮೈಮ್ ಎಂಬ ನಿಯಮಾವಳಿಯಿಂದ ಇಂಗ್ಲಿಷೇತರ ಲಿಪಿಗಳೂ ಚಿತ್ರಗಳೂ ಇ-ಮೇಲಿನಲ್ಲಿ ಕ್ರಮವಾಗಿ ಸಾಗುವಂತಾಯಿತು. ಆದುದರಿಂದ ಯೂನಿಕೋಡಿನಲ್ಲಿ ಬರೆದ ಕನ್ನಡ ಕಚೇರಿಯಲ್ಲಿಯೂ ಗಾಡಿಯಲ್ಲಿಯೂ ಕನ್ನಡವಾಗಿಯೇ ಉಳಿಯುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಪೆಟ್ಟಿಗೆ ಒಂದೇ ಆದುದರಿಂದ ಒಂದು ಕಿಂಡಿಯಲ್ಲಿ ಅಳಿಸಿದ ಪತ್ರ ಎಲ್ಲ ಕಿಂಡಿಗಳಿಂದಲೂ ಮರೆಯಾಗುತ್ತದೆ. ಐಮ್ಯಾಪ್ ಟಪಾಲನ್ನು ಒಂದುಗೂಡಿಸುತ್ತದೆಯೇ ಹೊರತು ಕಾಪಿಡುವುದಿಲ್ಲ. ಮುಖ್ಯವಾದ ಕರಾರುಗಳು, ಡ್ರಾಯಿಂಗುಗಳು, ನೇಮಕದ ಪತ್ರಗಳು ಇವುಗಳ ಪ್ರತಿಯೊಂದನ್ನು ಸಂಸ್ಥೆಯ ನಿಯಮಕ್ಕೆ ಒಪ್ಪುವಂತೆ ಬೇರೆಡೆ ಇಡುವುದು ಒಳ್ಳೆಯದು. ಇಂದಿನ ವಿದ್ಯಾರ್ಥಿಗಳು ನಾಳೆ ಕಚೇರಿಯ ಮೇಜಿನ ಮುಂದೆ ಕುಳಿತಾಗ, ಮೊದಲ ದಿನವೇ ‘ನನ್ನ ಟಪಾಲು ನಿಜವಾಗಿ ಎಲ್ಲಿದೆ?’ ಎಂದು ಕೇಳಿಕೊಳ್ಳಬೇಕು. ಆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ತಿಳಿದಿದ್ದರೆ ಕಬ್ಬಿಣ ಹಳೆಯ ಅಚ್ಚಿಗೆ ಇಳಿಯುವುದಿಲ್ಲ.