ಮಲಪ್ರಭೆ ದಂಡೆಯ ಜೋಳಿಗೆ

ಬಾದಾಮಿಗೆ ಬಂದವರು ಗುಹೆ ನೋಡುತ್ತಾರೆ, ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಳ್ಳುತ್ತಾರೆ, ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಹೆಣ್ಣುಮಕ್ಕಳ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಮೊಸರು ಕೊಂಡು ಉಂಡು ಪಟ್ಟದಕಲ್ಲಿನ ದಾರಿ ಹಿಡಿಯುತ್ತಾರೆ. ಇದೇ ತಾಲ್ಲೂಕಿನಲ್ಲಿ ಮಲಪ್ರಭಾ ನದಿಯ ದಂಡೆಗಿರುವ ಶಿವಯೋಗಮಂದಿರಕ್ಕೆ ಬರುವವರಲ್ಲಿ ಭಕ್ತರೇ ಹೆಚ್ಚು, ಪ್ರವಾಸಿಗರು ಕಡಿಮೆ. ಚಾಲುಕ್ಯರ ಕೆತ್ತನೆ ಇಲ್ಲಿಲ್ಲ. ಇರುವುದು ಒಂದು ಗದ್ದುಗೆ, ಗೋಶಾಲೆ, ವಿಭೂತಿ ತಯಾರಿಸುವ ಜಾಗ, ವಟುಗಳು ಓದುವ ಕೋಣೆಗಳು, ದಾಸೋಹದ ಅಡುಗೆಮನೆ. ಆ ಅಡುಗೆಮನೆಯ ಒಲೆ ಶತಮಾನಕ್ಕೂ ಮಿಕ್ಕಿ ಉರಿಯುತ್ತ ಬಂದಿರುವುದು ಸುತ್ತಲಿನ ಊರುಗಳು ಕೊಟ್ಟ ಕಾಳಿನಿಂದ.

1909ರಲ್ಲಿ ಇದನ್ನು ಸ್ಥಾಪಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಅದಕ್ಕೆ ಐದು ವರ್ಷ ಮೊದಲು, 1904ರಲ್ಲಿ, ವೀರಶೈವ ಮಹಾಸಭೆಯನ್ನು ಕಟ್ಟಿದವರೂ ಅವರೇ. ಮಠಗಳಿಗೆ ಓದು ಬಲ್ಲ, ಶಿಸ್ತಿನ ಸ್ವಾಮಿಗಳು ಬೇಕು, ಅವರನ್ನು ಚಿಕ್ಕಂದಿನಿಂದಲೇ ತಯಾರು ಮಾಡಬೇಕು ಎಂಬುದು ಅವರ ಹಂಬಲವಾಗಿತ್ತು. ಸ್ಥಳ ಆರಿಸುವಾಗ ಇಳಕಲ್ಲಿನ ವಿಜಯ ಮಹಾಂತ ಶಿವಯೋಗಿಗಳು ಜೊತೆಗಿದ್ದರೆಂದು ಈ ಭಾಗದ ಮಠಗಳಲ್ಲಿ ಇಂದಿಗೂ ಹೇಳುತ್ತಾರೆ. ಬಡ ಮನೆಗಳ ಹುಡುಗರು ಇಲ್ಲಿಗೆ ಬಂದರು. ಅವರಿಗೆ ಅನ್ನ, ಬಟ್ಟೆ, ಸಂಸ್ಕೃತ, ಯೋಗ, ವಚನ ಎಲ್ಲವೂ ಸಿಕ್ಕವು. ಖರ್ಚಿಗೆ ಸ್ವಾಮಿಗಳು ನಂಬಿದ್ದು ಜೋಳಿಗೆಯನ್ನು. ಊರೂರು ತಿರುಗಿ ಬೇಡಿದರು. ರೈತರು ಜೋಳ ಅಳೆದುಕೊಟ್ಟರು, ವರ್ತಕರು ಹಣ ಕೊಟ್ಟರು. ಇಂದು ನಾಡಿನ ಎಷ್ಟೋ ಮಠಗಳ ಪೀಠದಲ್ಲಿರುವವರು ಒಂದು ಕಾಲಕ್ಕೆ ಇಲ್ಲಿನ ಪಂಕ್ತಿಯಲ್ಲಿ ಕೂತು ಉಂಡವರು.

ಆದರೆ ನನ್ನ ಮಟ್ಟಿಗೆ ಈ ಸ್ಥಳದ ದೊಡ್ಡ ಕಥೆ ಸ್ವಾಮಿಗಳಾದವರದ್ದಲ್ಲ, ಇಬ್ಬರು ಕುರುಡ ಹುಡುಗರದು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಮನೆಯಲ್ಲಿ ಹುಟ್ಟಿದ ಅಣ್ಣ ತಮ್ಮ ಇಬ್ಬರಿಗೂ ಕಣ್ಣಿರಲಿಲ್ಲ. ಒಬ್ಬ ಗುರುಬಸವಯ್ಯ, ಇನ್ನೊಬ್ಬ 1892ರಲ್ಲಿ ಹುಟ್ಟಿದ ಗದಿಗೆಯ್ಯ. ಆ ಕಾಲದಲ್ಲಿ ಕಣ್ಣಿಲ್ಲದ ಬಡ ಹುಡುಗನಿಗೆ ಗುಡಿಯ ಬಾಗಿಲು, ಸಂತೆಯ ಮೂಲೆ, ಚಾಚಿದ ಕೈ, ಇಷ್ಟೇ ಗತಿ. ಈ ಹುಡುಗರು ಹಾಡುವುದನ್ನು ಕುಮಾರ ಸ್ವಾಮಿಗಳು ಕೇಳಿದರು. ಕಾಸು ಕೊಟ್ಟು ಕಳಿಸಲಿಲ್ಲ. ತಮ್ಮೊಂದಿಗೆ ಕರೆದುಕೊಂಡು ಹೋಗಿ ಸಂಗೀತಕ್ಕೆ ಹಚ್ಚಿದರು. ಗುರುಬಸವಯ್ಯ ಬಹಳ ಕಾಲ ಬದುಕಲಿಲ್ಲ. ಗದಿಗೆಯ್ಯನಿಗಾಗಿ ಮಿರಜದ ನೀಲಕಂಠಬುವಾ ಅವರನ್ನು ಶಿವಯೋಗಮಂದಿರಕ್ಕೇ ಕರೆಸಿದರು. ಮಲ್ಲಿಕಾರ್ಜುನ ಮನ್ಸೂರರಿಗೆ ಕಲಿಸಿದ ಬುವಾ ಇವರೇ. ರಾಜರ ಆಸ್ಥಾನವೂ ಅಲ್ಲ, ಶಹರವೂ ಅಲ್ಲ; ಕುರುಚಲು ಗುಡ್ಡಗಳ ನಡುವೆ, ಭಿಕ್ಷೆಯ ಮೇಲೆ ನಡೆಯುವ ಮಠದಲ್ಲಿ, ಕಣ್ಣಿಲ್ಲದ ಒಬ್ಬ ಹುಡುಗನಿಗಾಗಿ ಅಂಥ ಉಸ್ತಾದರನ್ನು ಇರಿಸಿಕೊಂಡರು ಎಂಬುದನ್ನು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ. ಬಡವನಿಗೆ ಇಷ್ಟು ಸಾಕು ಎಂದು ಅಳತೆ ಹಾಕದೆ ಕೊಟ್ಟದ್ದು ಅದು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾದರು, ಹಿಂದೂಸ್ತಾನಿ ಮತ್ತು ಕರ್ನಾಟಕಿ ಎರಡರಲ್ಲೂ ಪಂಡಿತರಾದರು.

ತಮಗೆ ಸಿಕ್ಕಿದ್ದನ್ನು ಗವಾಯಿಗಳು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರಿಂದ ಊರಿಗೆ ಸಂಚಾರಿ ಸಂಗೀತ ಶಾಲೆ ನಡೆಸಿದರು. ಮಕ್ಕಳ ಹೊಟ್ಟೆ ತುಂಬಿಸಲು ಸಾಲ ಮಾಡಿದರು, ನಾಟಕ ಕಂಪನಿ ಕಟ್ಟಿದರು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಂತಿತು. 1944ರಲ್ಲಿ ಅವರು ತೀರಿಕೊಂಡಾಗ ಹೊಣೆ ಹೊತ್ತವರು, ಅವರಂತೆಯೇ ಕಣ್ಣಿಲ್ಲದ ಶಿಷ್ಯ ಪುಟ್ಟರಾಜ ಗವಾಯಿಗಳು. ಆಗ ಅವರಿಗೆ ಮೂವತ್ತು ವರ್ಷ. 2010ರ ಸೆಪ್ಟೆಂಬರ್ 17ರಂದು ಕಣ್ಣು ಮುಚ್ಚುವವರೆಗೂ ಅದನ್ನು ಇಳಿಸಲಿಲ್ಲ. ಭಕ್ತರು ಊರೂರಲ್ಲಿ ಅವರ ತುಲಾಭಾರ ಮಾಡಿದರು. ತಕ್ಕಡಿಗೆ ಬಿದ್ದ ನಾಣ್ಯವೆಲ್ಲ ಆಶ್ರಮದ ಮಕ್ಕಳ ಅನ್ನಕ್ಕೆ ಹೋಯಿತು. ಶಿವಯೋಗಮಂದಿರ ಮುಖ್ಯವಾಗಿ ಒಂದು ಸಮುದಾಯದ ವಟುಗಳಿಗಾಗಿ ಹುಟ್ಟಿದ ಸಂಸ್ಥೆ. ಅಲ್ಲಿಂದ ಹೊರಟ ಈ ಕವಲು ಜಾತಿ ಮತ ಕೇಳದೆ ಮಕ್ಕಳನ್ನು ಒಳಗೆ ಕರೆದುಕೊಂಡಿತು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅಂಥ ಗಾಯಕರು ಆ ಗುರುಪರಂಪರೆಯವರು. ಅವರಷ್ಟು ಹೆಸರು ಮಾಡದೆ, ಹಳ್ಳಿಯ ಭಜನಾ ಸಂಘಕ್ಕೆ ಹಾರ್ಮೋನಿಯಂ ನುಡಿಸುತ್ತ, ಶಾಲೆಯಲ್ಲಿ ಸಂಗೀತ ಕಲಿಸುತ್ತ ಸ್ವಂತ ದುಡಿಮೆಯಲ್ಲಿ ಬದುಕಿದವರು ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು.

ಡಿಸೆಂಬರ್ ಕೊನೆಯೆಂದರೆ ಕೊಡುವ ಕೈ ಚುರುಕಾಗುವ ಕಾಲ. 1851ರಲ್ಲಿ ಬಾಸೆಲ್ ಮಿಶನ್ ಬಂದು ನೆಲೆಸಿದ ನೇಕಾರರ ಊರು ಗುಳೇದಗುಡ್ಡದಲ್ಲಿ ಕ್ರಿಸ್‌ಮಸ್ ಆರಾಧನೆ ಕನ್ನಡದಲ್ಲೇ ನಡೆಯುತ್ತದೆ. ಹೊಲಗಳಲ್ಲಿ ಎಳ್ಳಮವಾಸ್ಯೆಯ ಚರಗ ಚೆಲ್ಲಿ, ಬಂದವರಿಗೆಲ್ಲ ಸಜ್ಜಿ ಕಡಬು, ಭರ್ತ, ಪುಂಡಿಪಲ್ಯೆ ಬಡಿಸುತ್ತಾರೆ. ಬನದ ಹುಣ್ಣಿಮೆಗೆ ಬನಶಂಕರಿ ತೇರು. ಅದರ ಹಿಂದಿನ ದಿನಗಳಲ್ಲಿ ದೇವಿಗೆ ನೂರೆಂಟು ಬಗೆಯ ಕಾಯಿಪಲ್ಯೆಯ ನೈವೇದ್ಯ. ಈ ದಿನಗಳಲ್ಲಿ ವೃದ್ಧಾಶ್ರಮ, ಅಂಧ ಮಕ್ಕಳ ವಸತಿ ಶಾಲೆ, ಉಚಿತ ಪ್ರಸಾದ ನಿಲಯಗಳಿಗೆ ಹೊದಿಕೆ, ಹಣ್ಣು, ಸಿಹಿ ಬರುತ್ತವೆ. ಬರಲಿ. ಯಾರೂ ಕೇಳದವರ ಬಾಗಿಲಿಗೆ ಒಂದು ದಿನವಾದರೂ ಜನ ಬರುವುದು ಸಣ್ಣ ಮಾತಲ್ಲ. ಆದರೆ ಇಂಥ ಮನೆ ನಡೆಸುವವರಿಗೆ ಕಷ್ಟದ ತಿಂಗಳುಗಳು ಬೇರೆ. ಹೊಸ ಬೆಳೆ ಕೈಗೆ ಬಾರದೆ ಹಳೆಯ ಹಗೇವು ಖಾಲಿಯಾಗುವ ಮಳೆಗಾಲದಲ್ಲಿ ಕೊಡುವವರು ಕಡಿಮೆ, ಉಣ್ಣುವವರು ಮಾತ್ರ ಅಷ್ಟೇ ಮಂದಿ.

ಇದೇ ಜಿಲ್ಲೆ ಇನ್ನೊಂದು ಬಗೆಯ ಕೊಡುಗೆಯನ್ನೂ ಕಂಡಿದೆ. 2009ರ ಮಹಾಪೂರದಲ್ಲಿ ಮಲಪ್ರಭೆ, ಕೃಷ್ಣೆ ಉಕ್ಕಿ ಊರುಗಳು ಮುಳುಗಿದಾಗ ‘ಆಸರೆ’ ಯೋಜನೆಯಲ್ಲಿ ಸರ್ಕಾರವೂ ದಾನಿಗಳೂ ಕೂಡಿ ಮನೆ ಕಟ್ಟಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಟ್ಟಿಸಿದರು. ಆದರೂ ಎಷ್ಟೋ ಮನೆಗಳು ಖಾಲಿ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ನೀರಿಗೆ ತೊಂದರೆ. ಸೂರು ಸಿಕ್ಕಿತು, ಅದರ ಕೆಳಗೆ ಬದುಕು ಕೂಡಿಬರಲಿಲ್ಲ. ಮಂದಿರದ ಹುಡುಗರಿಗೆ ಸೂರಿನ ಜೊತೆ ಗುರು ಸಿಕ್ಕರು, ವಿದ್ಯೆ ಸಿಕ್ಕಿತು, ಜೊತೆಗೂಡಿ ಉಣ್ಣುವ ಪಂಕ್ತಿ ಸಿಕ್ಕಿತು. ವ್ಯತ್ಯಾಸ ಇರುವುದು ಅಲ್ಲಿ.

ಇಳಕಲ್ಲಿನಲ್ಲಿ ಜೋಳಿಗೆ ಬೇರೊಂದು ದಾರಿ ಹಿಡಿಯಿತು. ಚಿತ್ತರಗಿ ಪೀಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಮನೆಮನೆಗೆ ಹೋಗಿ ಜೋಳಿಗೆ ಒಡ್ಡಿ ಕುಡಿತ, ತಂಬಾಕು, ಇಸ್ಪೀಟಿನ ಚಟಗಳನ್ನೇ ಭಿಕ್ಷೆ ಬೇಡಿದರು. ಹುನಗುಂದ ಕಡೆಯ ಹಳ್ಳಿಗಳಲ್ಲಿ ಗಂಡಸರು ಬೀಡಿ ಕಟ್ಟು, ಗುಟ್ಕಾ ಚೀಟಿ ತಂದು ಅದರೊಳಗೆ ಹಾಕಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಕುಡಿತ ಬಿಟ್ಟ ಮನೆಯ ಹೆಂಗಸಿಗೆ ಆ ಜೋಳಿಗೆ ಏನು ಕೊಟ್ಟಿತೆಂದು ಯಾರೂ ವಿವರಿಸಬೇಕಿಲ್ಲ.

ಮತ್ತೆ ಮಂದಿರಕ್ಕೆ ಬರೋಣ. ಭಿಕ್ಷೆಯ ಜೊತೆ ದುಡಿಮೆಯೂ ಇರಲೆಂದು ಇಲ್ಲಿ ಬೆಳೆದ ಕೆಲಸ ವಿಭೂತಿಯದು. ಗೋಶಾಲೆಯ ಸಗಣಿಯನ್ನು ತಟ್ಟಿ ಒಣಗಿಸಿ ಸುಡುತ್ತಾರೆ. ಬೂದಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸುತ್ತಾರೆ. ಹರಳು, ಕಸ ಮೇಲೆ ಉಳಿಯುತ್ತವೆ. ಕೆಳಗಿಳಿದ ನುಣುಪು ಬೂದಿ ನಿಧಾನಕ್ಕೆ ತಳಕ್ಕೆ ಕೂರುತ್ತದೆ. ಮೇಲಿನ ನೀರು ಬಸಿದು, ಗಟ್ಟಿಯಾದ ಹಿಟ್ಟನ್ನು ಕೈಯಲ್ಲೇ ಗಟ್ಟಿ ಕಟ್ಟಿ ಒಣಗಿಸುತ್ತಾರೆ. ಶಿವಯೋಗಮಂದಿರದ ವಿಭೂತಿ ಎಂದರೆ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇಂದಿಗೂ ಕೇಳಿ ಕೊಳ್ಳುವವರಿದ್ದಾರೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದ ನೀರು ಮಂದಿರವನ್ನೂ ಬಿಡಲಿಲ್ಲ. ಆಗ ಇಡೀ ಜಿಲ್ಲೆಯ ನೆರೆ ಪೀಡಿತರಿಗಾಗಿ ನೀರು ಮುಟ್ಟದ ಊರುಗಳ ಮನೆಮನೆಯಲ್ಲಿ ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿ, ಟ್ರ್ಯಾಕ್ಟರ್‌ಗಳಲ್ಲಿ ಹೇರಿ ಕಳಿಸಿದರು. ಮಠಗಳ ದಾಸೋಹದ ಮನೆಗಳು ಊರವರಿಗೇ ತೆರೆದುಕೊಂಡವು.

ಬಾದಾಮಿ ರೈಲು ನಿಲ್ದಾಣ ಗದಗ–ಸೊಲ್ಲಾಪುರ ಮಾರ್ಗದಲ್ಲಿದೆ. ಅಲ್ಲಿಂದ ಮಂದಿರಕ್ಕೆ ರಸ್ತೆಯಿದೆ. 1930ರಲ್ಲಿ ಲಿಂಗೈಕ್ಯರಾದ ಕುಮಾರ ಸ್ವಾಮಿಗಳ ಗದ್ದುಗೆ ಇಲ್ಲೇ ಇದೆ. ಬನಶಂಕರಿಗೆ ಹೊರಟವರು ಅರ್ಧ ದಿನ ಹೆಚ್ಚಿಗೆ ಇಟ್ಟುಕೊಂಡು ಈ ಕಡೆ ಬರಬಹುದು. ಇಲ್ಲಾಗಲಿ, ನಿಮ್ಮ ಊರಿನ ಪ್ರಸಾದ ನಿಲಯದಲ್ಲಾಗಲಿ ಏನಾದರೂ ಕೊಡುವ ಮನಸ್ಸಿದ್ದರೆ ಪೇಢೆಯ ಡಬ್ಬಿ ಹಿಡಿದು ಹೋಗುವ ಮೊದಲು ಅಡುಗೆಯವರನ್ನು ಕೇಳಿ: ಜುಲೈ ತಿಂಗಳಿಗೆ ಜೋಳ ಎಷ್ಟು ಚೀಲ ಕಡಿಮೆ ಬೀಳುತ್ತದೆ?