ತುಂಬಿದ ಭಂಡಾರದಲ್ಲಿ ಎಡೆ ಮಾಡುವ ಕ್ರಮ

ಗಣಕಯಂತ್ರವು ಈಗ ಅನೇಕ ಮನೆಗಳಲ್ಲಿ ಪತ್ರದ ಪೆಟ್ಟಿಗೆಯೂ ಲೆಕ್ಕದ ಪುಸ್ತಕವೂ ಚಿತ್ರಸಂಪುಟವೂ ಆಗಿರುತ್ತದೆ. ಮಕ್ಕಳ ಭಾವಚಿತ್ರಗಳೂ ಪ್ರಮಾಣಪತ್ರಗಳ ಪ್ರತಿಗಳೂ ಅದರ ಡಿಸ್ಕಿನಲ್ಲಿ ಕಡತಗಳಾಗಿ ಸೇರಿರುತ್ತವೆ. ಆ ಡಿಸ್ಕು ಪೂರಾ ತುಂಬಿದರೆ ಹೊಸದನ್ನು ಬರೆಯಲು ಎಡೆಯಿರದು. ಬರೆಯುತ್ತಿರುವ ಕಡತವೂ ಅರ್ಧಕ್ಕೆ ನಿಂತು ಕೆಡಬಹುದು. ಆಗ ಗಾಬರಿಯಿಂದ ಕೈಗೆ ಸಿಕ್ಕಿದ್ದನ್ನು ಅಳಿಸುವವರು ಮತ್ತೆ ದೊರೆಯದ ವಸ್ತುವನ್ನೇ ಕಳೆದುಕೊಂಡಾರು. ಆದುದರಿಂದ ಇದರ ಕ್ರಮವನ್ನು ತಿಳಿದಿರುವದು ಉಚಿತ.

ಮೊದಲು ಅರಿಯತಕ್ಕದ್ದೇನೆಂದರೆ, ಹೆಸರನ್ನು ಅಳಿಸಿದ ಮಾತ್ರಕ್ಕೆ ಸ್ಥಳವು ತೆರವಾಗುವದಿಲ್ಲ. ಅಳಿಸಿದ ಕಡತವು ಸಾಮಾನ್ಯವಾಗಿ ಯಂತ್ರದೊಳಗಿನ ಕಸದ ಬುಟ್ಟಿಗೆ ಹೋಗಿ ಅಲ್ಲಿಯೂ ಅಷ್ಟೇ ಸ್ಥಳವನ್ನು ಹಿಡಿದಿರುತ್ತದೆ. ಬುಟ್ಟಿಯನ್ನು ಬರಿದುಮಾಡಿದ ಹೊರತು ಫಲವಿಲ್ಲ. ಲಿನಕ್ಸ್ ವ್ಯವಸ್ಥೆಯಲ್ಲಿಯಾದರೋ, ಯಾವುದಾದರೊಂದು ಪ್ರೋಗ್ರಾಮು ಕಡತವನ್ನು ತೆರೆದಿಟ್ಟಿದ್ದರೆ, ಪಟ್ಟಿಯಿಂದ ಹೆಸರು ಮಾಯವಾದರೂ, ಅದನ್ನು ಮುಚ್ಚುವ ತನಕ ಸ್ಥಳವು ಬಿಡುಗಡೆಯಾಗದು.

ಎರಡನೆಯ ಸಂಗತಿಯು ಇನ್ನೂ ಆಶ್ಚರ್ಯಕರ: ಕೆಲವು ಕಡತವ್ಯವಸ್ಥೆಗಳಲ್ಲಿ ಅಳಿಸುವದಕ್ಕೂ ಸ್ಥಳ ಬೇಕು. 2009ರಲ್ಲಿ ಲಿನಕ್ಸಿಗೆ ಸೇರಿದ ಬಿಟಿಆರ್‌ಎಫ್‌ಎಸ್ ಎಂಬದು ತನ್ನ ಪಟ್ಟಿಯ ಹಳೆಯ ಪುಟದ ಮೇಲೆಯೇ ತಿದ್ದುವದಿಲ್ಲ. ತಿದ್ದಿದ ಪುಟವನ್ನು ಬೇರೊಂದೆಡೆ ಬರೆದು, ಅದು ಭದ್ರವಾದ ಬಳಿಕವೇ ಹಳೆಯದನ್ನು ಬಿಟ್ಟುಕೊಡುತ್ತದೆ. ನಡುವೆ ವಿದ್ಯುತ್ತು ನಿಂತರೂ ಹಳೆಯ ಪುಟ ಉಳಿಯಲೆಂಬದೇ ಈ ಏರ್ಪಾಡಿನ ಉದ್ದೇಶ. ಆದರೆ ಕಡತವನ್ನು ಅಳಿಸುವದೆಂದರೆ ಪಟ್ಟಿಯನ್ನು ತಿದ್ದುವದೇ ಸರಿ. ಹೊಸ ಪುಟಕ್ಕೆ ಎಡೆಯಿಲ್ಲದಿದ್ದರೆ ಅಳಿಸುವ ಕೆಲಸವೂ ನಿಂತುಹೋಗಬಹುದು. ಇದಕ್ಕಾಗಿ ಸ್ವಲ್ಪ ಸ್ಥಳವು ಮೀಸಲಾಗಿದ್ದರೂ ಅದು ಸಾಲದೆ ಬರುವ ಸಂದರ್ಭಗಳುಂಟು.

ಇಂಥ ಇಕ್ಕಟ್ಟಿನಲ್ಲಿ ಮಾಡತಕ್ಕದ್ದು ಹೀಗಿದೆ. ಓದುವದಕ್ಕೆ ಹೊಸ ಸ್ಥಳ ಬೇಡವಾದ್ದರಿಂದ, ಅಮೂಲ್ಯವಾದ ಕಡತಗಳನ್ನು ಮೊದಲು ಬೇರೊಂದು ಡಿಸ್ಕಿಗೆ ಪ್ರತಿಮಾಡಬೇಕು. ಅನಂತರ, ಮತ್ತೆ ಸುಲಭವಾಗಿ ದೊರಕುವ ದೊಡ್ಡ ಕಡತವೊಂದನ್ನು ಅಳಿಸಿ ನೋಡಬೇಕು. ಡಿಸ್ಕಿನ ಹಿಂದಿನ ಸ್ಥಿತಿಗಳನ್ನು ಹಿಡಿದಿಟ್ಟ ಪ್ರತಿಗಳಿದ್ದರೆ, ಅಳಿಸಿದ ಕಡತದ ಸ್ಥಳವನ್ನು ಅವು ಬಿಡಗೊಡವು. ಬೇಡವಾದ ಹಳೆಯ ಪ್ರತಿಗಳನ್ನೂ ತೆಗೆಯಬೇಕು. ಅದೂ ಸಾಗದಿದ್ದರೆ, ಬಲ್ಲವರ ಸಹಾಯದಿಂದ, ಒಳಗೆ ಬೇಕಾದದ್ದೇನೂ ಇಲ್ಲದ ಪೆನ್‌ಡ್ರೈವ್ ಒಂದನ್ನು ಈ ಕಡತವ್ಯವಸ್ಥೆಗೆ ತಾತ್ಕಾಲಿಕವಾಗಿ ಸೇರಿಸಬಹುದು. ಆ ಎಡೆಯಲ್ಲಿ ಹೊಸ ಪುಟಗಳು ಬರೆಯಲ್ಪಟ್ಟು, ಅಳಿಸುವ ಕೆಲಸ ಮುಂದುವರಿಯುತ್ತದೆ. ಕೆಲಸ ತೀರಿದ ಮೇಲೆ, ಕ್ರಮವಾದ ಆಜ್ಞೆಯಿಂದಲೇ ಅದನ್ನು ಬೇರ್ಪಡಿಸಬೇಕು. ಸುಮ್ಮನೆ ಕಿತ್ತರೆ, ಪಟ್ಟಿಯ ಒಂದು ಭಾಗವೇ ಅದರೊಡನೆ ಹೊರಟುಹೋಗಿ ಇಡೀ ಭಂಡಾರವು ತೆರೆಯದೆ ಹೋದೀತು.

ದೊಡ್ಡ ಡಿಸ್ಕನ್ನು ಕೊಳ್ಳುವದೊಂದೇ ಪರಿಹಾರವಲ್ಲ. ಲೂಕನ ಸುವಾರ್ತೆಯ ಐಶ್ವರ್ಯವಂತನೂ ಕಣಜಗಳನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸಬೇಕೆಂದೇ ಯೋಚಿಸಿದನಷ್ಟೆ. ಲಿನಕ್ಸಿನ ಇನ್ನೊಂದು ಕಡತವ್ಯವಸ್ಥೆಯಾದ ಇಎಕ್ಸ್‌ಟಿ4 ಎಂಬದನ್ನು ನಿರ್ಮಿಸುವಾಗ ನೂರಕ್ಕೆ 5 ಪಾಲು ಸ್ಥಳವನ್ನು ಮೇಲ್ವಿಚಾರಕನಿಗೆಂದು ಮೀಸಲಿಡುವ ವಾಡಿಕೆಯಿದೆ. ಮನೆಯ ಯಂತ್ರದಲ್ಲಿಯೂ ಹಾಗೆಯೇ ಸ್ವಲ್ಪ ಎಡೆಯನ್ನು ಯಾವಾಗಲೂ ತೆರವಾಗಿಟ್ಟು, ಬೇಡವಾದದ್ದನ್ನು ಆಗಾಗ್ಗೆ ತೆಗೆಯುತ್ತಿರುವವರಿಗೆ, ಬೇಕಾದದ್ದನ್ನು ಅವಸರದಲ್ಲಿ ಅಳಿಸುವ ದಿನವು ಬಾರದು.