ಕುಡಿತ ಬಿಡಬಯಸುವ ಸೋದರನು ಯಾರ ಬಾಗಿಲು ತಟ್ಟಬೇಕು?

ಚೆನ್ನೈ ನಗರದ ನಮ್ಮ ಹೋಟೆಲುಗಳಲ್ಲಿ ಕುಡಿತದ ಮಾತು ಬಂದರೆ ಯಜಮಾನರು ಗಲ್ಲಾಪೆಟ್ಟಿಗೆಯ ಕಡೆಗೂ ಕೆಲಸಗಾರರು ಒಲೆಯ ಕಡೆಗೂ ಮುಖ ತಿರುಗಿಸುವುದು ವಾಡಿಕೆ. ಕಛೇರಿಯ ಗುಮಾಸ್ತರಂತೂ ಬಾಯಿಯನ್ನೇ ಬಿಡರು. ಊರಿಗೆ ಸುದ್ದಿ ಮುಟ್ಟಿದರೆ ತಂಗಿಯ ಮದುವೆಗೆ ತೊಡಕಾದೀತೆಂಬ ಭಯ ಅವರದು. ಈ ಮೌನವನ್ನು ಮುರಿಯುವುದಕ್ಕೆ ಮುಂಚೆ ನಮ್ಮದೇ ಒಂದು ಅಪರಾಧವನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಾವು ಹೋಟೆಲು ನಡೆಸುತ್ತಿದ್ದಾಗ ಕುಂದಾಪುರದ ಕಡೆಯ ಭಟ್ಟರೊಬ್ಬರು ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಅವರ ಕೈಗೆ ಸಾಟಿಯಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದವರು ಮಧ್ಯಾಹ್ನದ ಬಿಡುವಿನಲ್ಲಿ ಆಯಾಸ ಕಳೆಯಲೆಂದು ಆರಂಭಿಸಿದ ಅಭ್ಯಾಸವು ಕೆಲವು ವರ್ಷಗಳಲ್ಲಿ ಬೆಳೆದು, ಮುಂಜಾನೆ ಒಂದು ಗುಟುಕು ಒಳಗೆ ಹೋಗದಿದ್ದರೆ ಕೈಯ ಸೌಟು ನಡುಗುವ ಮಟ್ಟಕ್ಕೆ ಬಂತು. ನಾವು ಬುದ್ಧಿ ಹೇಳಿದೆವು, ಸಂಬಳ ತಡೆದೆವು, ದೇವರ ಪಟದ ಮುಂದೆ ಆಣೆ ಹಾಕಿಸಿದೆವು. ಕೊನೆಗೆ ಲೆಕ್ಕ ತೀರಿಸಿ, “ಇನ್ನು ಒಂದು ತೊಟ್ಟನ್ನೂ ಮುಟ್ಟದೆ ಊರು ಸೇರಿರಿ” ಎಂದು ಮಂಗಳೂರು ಮೇಲಿಗೆ ಹತ್ತಿಸಿದೆವು. ಅವರು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಮರುದಿನ ನಸುಕಿನಲ್ಲಿ ಪಾಲಕ್ಕಾಡಿನ ಬಳಿ ಮೈ ಸೆಟೆದು, ಪ್ರಜ್ಞೆ ತಪ್ಪಿ ಬಿದ್ದರು. ಮೂರ್ಛೆರೋಗವೆಂದು ತಿಳಿದು ಯಾರೋ ಕೈಗೆ ಬೀಗದ ಕೈ ಕೊಟ್ಟರಂತೆ! ಕೂಡಲೆ ಆಸ್ಪತ್ರೆಗೆ ಸೇರಿಸಿದ ಪುಣ್ಯವಂತರಿಂದ ಪ್ರಾಣವುಳಿಯಿತು.

ಅದು ಮೂರ್ಛೆರೋಗವಲ್ಲವೆಂದು ವೈದ್ಯರೊಬ್ಬರು ನಮಗೆ ಬಳಿಕ ವಿವರಿಸಿದರು. ಮದ್ಯವು ಮೆದುಳನ್ನು ಮಂಕಾಗಿಸುತ್ತದೆ. ನಿತ್ಯ ಕುಡಿಯುವವನ ಮೆದುಳು ಅದಕ್ಕೆ ಪ್ರತಿಯಾಗಿ ತನ್ನನ್ನು ಸದಾ ಕೆರಳಿಸಿಕೊಂಡಿರುತ್ತದೆ. ಮದ್ಯವನ್ನು ತಟ್ಟನೆ ಕಿತ್ತುಕೊಂಡರೆ ಆ ಕೆರಳಿಕೆಯೊಂದೇ ಉಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ, ಬೆವರು. ಎರಡು ದಿನಗಳೊಳಗೆ ಸೆಳವು. ಅನಂತರ ಕೆಲವರಿಗೆ ಇಲ್ಲದ್ದು ಕಾಣುವ ಚಿತ್ತಭ್ರಮೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಸಾವೂ ಸಂಭವಿಸುವುದುಂಟು. ವೈದ್ಯರ ಕಣ್ಣಳತೆಯಲ್ಲಿದ್ದರೆ ಶಾಮಕ ಔಷಧಿಯನ್ನು ದಿನದಿನಕ್ಕೆ ಇಳಿಸುತ್ತ, ಬಿ-೧ ಜೀವಸತ್ತ್ವವನ್ನು ಕೊಡುತ್ತ, ಸಾಮಾನ್ಯವಾಗಿ ವಾರದೊಳಗೆ ಈ ಗಂಡಾಂತರವನ್ನು ದಾಟಿಸುತ್ತಾರೆ. ನಾವು ಒಳ್ಳೆಯ ಮಾತೆಂದು ಆಡಿದ್ದೇ ಅವರಿಗೆ ಮೃತ್ಯುವಾಗಲಿತ್ತು.

ಗುಟ್ಟಾಗಿ ಕಾಫಿಯಲ್ಲಿ ಬೆರೆಸುವ ಪುಡಿಯ ಬಗೆಗೂ ಒಂದು ಮಾತು. ಡೈಸಲ್ಫಿರಂ ಎಂಬ ಔಷಧಿಯುಂಟು. ಅದನ್ನು ಸೇವಿಸಿದವನು ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗುತ್ತವೆ. ಹೃದ್ರೋಗಿಗೆ ಅದು ಪ್ರಾಣಾಂತಿಕವಾಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರೇ ಕೊಡತಕ್ಕದ್ದು.

ಹಾಗಾದರೆ ಹೋಗುವುದೆಲ್ಲಿಗೆ? ಅಡ್ಯಾರಿನ ಇಂದಿರಾನಗರದಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನದ ಆಸ್ಪತ್ರೆಯಿದೆ. ಪತಿಯನ್ನು ಕುಡಿತಕ್ಕೆ ಬಲಿಗೊಟ್ಟ ಶಾಂತಿ ರಂಗನಾಥನ್ ಅವರು ಅವರ ಹೆಸರಿನಲ್ಲಿಯೇ ೧೯೮೦ರಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. ೧೯೯೨ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಲ್ಲಿ ರೋಗಿಗಷ್ಟೇ ಅಲ್ಲದೆ ಮನೆಯವರಿಗೂ ತಿಳಿವಳಿಕೆ ಕೊಡುತ್ತಾರೆ. ಕೈಯಲ್ಲಿ ಕಾಸಿಲ್ಲದವರಿಗೆ ಕಿಲ್ಪಾಕಿನ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆಯುಂಟು. ಅದರ ಹೆಸರು ಕೇಳಿಯೇ ಹಿಂಜರಿಯುವವರು ಬಹಳ, ಹಿಂಜರಿಯಬೇಕಾಗಿಲ್ಲ. ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡಬೇಕೆನ್ನುವುದು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯಂತೆ ರೋಗಿಯ ಹಕ್ಕು. ಕನ್ನಡದಲ್ಲಿಯೇ ಮಾತಾಡಬೇಕೆಂದರೆ ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್‌ನ ೧೪೪೧೬ ಸಂಖ್ಯೆಗೆ ಕರೆ ಮಾಡಿ ಭಾಷೆಯನ್ನು ಆರಿಸಿಕೊಳ್ಳಬಹುದು. ಅದಕ್ಕೆ ಶುಲ್ಕವಿಲ್ಲ.

ನಮ್ಮ ಭಟ್ಟರ ವಿಷಯಕ್ಕೆ ಬರೋಣ. ಚೇತರಿಸಿಕೊಂಡು ಊರು ಸೇರಿದ ಮೇಲೆ ಅವರ ಅಣ್ಣನವರು ವೈದ್ಯರನ್ನು ಕೇಳಿಕೊಂಡೇ ಅವರನ್ನು ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರವೊಂದಕ್ಕೆ ಸೇರಿಸಿದರು. ಶಿಬಿರ ಮುಗಿಸಿದವರು ಕೈಬಿಟ್ಟುಹೋಗದಂತೆ ಊರೂರಿನಲ್ಲಿ ನವಜೀವನ ಸಮಿತಿಗಳಿವೆ. ಆದರೂ ಅವರು ಒಮ್ಮೆ ಜಾರಿದರು, ಹಬ್ಬದ ದಿನ. ಈ ವ್ಯಾಧಿಯಲ್ಲಿ ಮರುಕಳಿಸುವುದು ಅಪರೂಪವಲ್ಲ, ಅದು ಮೋಸವೂ ಅಲ್ಲ. ಮತ್ತೆ ಎದ್ದರು.

ಒಂದು ವರ್ಷದ ತರುವಾಯ ಅವರು ಚೆನ್ನೈಗೆ ಮರಳಿದರು. ನಮ್ಮಲ್ಲಿಗಲ್ಲ, ಮತ್ತೊಬ್ಬರ ಹೋಟೆಲಿಗೆ. ನಮಗದು ನೋವಾಯಿತೆನ್ನಲು ಯಾವ ಅಧಿಕಾರವಿದೆ? ಆ ಯಜಮಾನರು ವಿಷಯವೆಲ್ಲವನ್ನೂ ಕೇಳಿ ತಿಳಿದೇ ಕೆಲಸ ಕೊಟ್ಟರು. ಇಲ್ಲಿ ಭಟ್ಟರಿಗೆ ಆಸರೆಯಾದದ್ದು ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟ. ೧೯೩೫ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ, ಷೇರುಪೇಟೆಯ ವ್ಯವಹಾರಸ್ಥನೊಬ್ಬನೂ ಶಸ್ತ್ರವೈದ್ಯನೊಬ್ಬನೂ, ಇಬ್ಬರೂ ಕುಡುಕರೇ, ಒಬ್ಬರಿಗೊಬ್ಬರು ಊರುಗೋಲಾಗಿ ಆರಂಭಿಸಿದ್ದು ಅದು. ಸದಸ್ಯನಾಗಲು ಶುಲ್ಕವಿಲ್ಲ, ಮನೆತನ ಕೇಳುವುದಿಲ್ಲ, ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಚೆನ್ನೈಯ ಹಲವು ಬಡಾವಣೆಗಳಲ್ಲಿ ಅದರ ಸಭೆಗಳು ನಡೆಯುತ್ತವೆ.

ಕಳೆದ ತಿಂಗಳು ಬುಧವಾರ ಸಂಜೆ ನಾವು ಆ ಹೋಟೆಲಿಗೆ ಹೋಗಿದ್ದೆವು. ಭಟ್ಟರು ಹೊರಬಂದು ಕುಶಲ ಕೇಳಿದರು. ನಾವು ಕ್ಷಮೆಯ ಮಾತನ್ನು ಎತ್ತುವಷ್ಟರಲ್ಲಿ ಗಡಿಯಾರ ನೋಡಿ, “ಏಳಕ್ಕೆ ಸಭೆ ಉಂಟು, ತಡವಾಗುತ್ತದೆ ಸ್ವಾಮೀ” ಎಂದು ಅಂಗಿ ಬದಲಿಸಲು ಒಳಗೆ ನಡೆದರು. ಬುಧವಾರ ಸಂಜೆ ಕಾವಲಿಗೆ ಬೇರೊಬ್ಬರನ್ನು ನಿಲ್ಲಿಸುವ ಏರ್ಪಾಡು ಅಲ್ಲಿದೆ. ದೋಸೆ ಸ್ವಲ್ಪ ದಪ್ಪವಾಗಿತ್ತು. ಗಿರಾಕಿಗಳು ಯಾರೂ ದೂರಿದಂತೆ ಕಾಣಲಿಲ್ಲ.